ಕಸದ ಗಾಡಿ ತೂಕ ಹಾಕೋ ವೇ ಬ್ರಿಡ್ಜ್: ಮೂರು ವರ್ಷ ಅದರ ಪಕ್ಕ ಕೂತವಳ ರಿವ್ಯೂ

ಮಿಕ್ಸಿಗೆ ರಿವ್ಯೂ ಇದೆ, ಫೋನಿಗೆ ಇದೆ, ಬಚ್ಚಲು ತೊಳಿಯೋ ಬ್ರಶ್ಶಿಗೂ ನಾನೂರು ಜನ ರಿವ್ಯೂ ಬರ್ದಿದಾರೆ, ಆದ್ರೆ ವೇ ಬ್ರಿಡ್ಜ್ ಹೇಗಿದೆ ಅಂತ ಹುಡುಕಿದ್ರೆ ಸಿಗೋದು ಬರೀ ಕಂಪನಿಯವ್ರು ಹಾಕಿರೋ ವೀಡಿಯೋ. ಮೇಲಿಂದ ಡ್ರೋನ್ ಶಾಟು, ಹೊಸ ಬಣ್ಣ, ಪ್ಲಾಟ್‌ಫಾರ್ಮ್ ಮೇಲೆ ತೊಳೆದು ಒರೆಸಿರೋ ಲಾರಿ. ತೊಳೆದ ಲಾರಿ ನಮ್ಮಲ್ಲಿಗೆ ಬರೋದು ಆಯುಧಪೂಜೆ ದಿನ ಮಾತ್ರ, ಅವತ್ತೂ ಮಧ್ಯಾಹ್ನದ ತನಕ. ಅದಕ್ಕೆ ನಾನೇ ಬರೀತಿದೀನಿ. ಕಂಪನಿ ಹೆಸರು, ಸ್ಟೇಷನ್ ಹೆಸರು ಎರಡೂ ಹಾಕಲ್ಲ, ಕೇಳ್ಬೇಡಿ, ನಾನಿನ್ನೂ ಅಲ್ಲೇ ಕೆಲಸ ಮಾಡ್ತಿದೀನಿ.

ಬೆಂಗಳೂರಿನ ಒಂದು ಟ್ರಾನ್ಸ್‌ಫರ್ ಸ್ಟೇಷನ್ ಇದು. ಅಂದ್ರೆ ಕಸ ಇಲ್ಲಿ ಉಳ್ಕೊಳ್ಳಲ್ಲ, ಗಾಡಿ ಬದಲಾಯ್ಸುತ್ತೆ ಅಷ್ಟೆ. ಬೆಳಿಗ್ಗೆ ನಿಮ್ಮ ಮನೆ ಮುಂದೆ ಹಾಡು ಹಾಕ್ಕೊಂಡು ಬರೋ ಆಟೋ ಟಿಪ್ಪರ್ ಇದ್ಯಲ್ಲ, ಅದು ಅರ್ಧ ಮುಕ್ಕಾಲು ಟನ್ ಕಸ ಹಾಕ್ಕೊಂಡು ಊರಾಚೆ ಕಸ ಸುರಿಯೋ ಮಿಟ್ಟಗಾನಹಳ್ಳಿ ತನಕ ಹೋಗಿ ಬರೋಕಾಗಲ್ಲ, ಹೋದ್ರೆ ಆ ದಿನದ ಇನ್ನೊಂದು ಟ್ರಿಪ್ ಹೋಯ್ತು. ಅದಕ್ಕೆ ಹತ್ರದಲ್ಲೇ ಒಂದು ಜಾಗದಲ್ಲಿ ಸುರಿಸ್ಕೊಂಡು ಒತ್ತಿ ದೊಡ್ಡ ಗಾಡೀಲಿ ಕಳಿಸ್ತಾರೆ. 2016ರ ಘನತ್ಯಾಜ್ಯ ನಿಯಮದಲ್ಲೂ ಟ್ರಾನ್ಸ್‌ಫರ್ ಸ್ಟೇಷನ್ ಅಂತ ಹೆಸರಿಟ್ಟೇ ಹೇಳಿದ್ರು, ಮುಚ್ಚಿದ ಗಾಡೀಲೇ ಮುಂದಕ್ಕೆ ಸಾಗಿಸ್ಬೇಕು ಅಂತ. ಮುಚ್ಚಿದ ಅನ್ನೋ ಪದದ ಬಗ್ಗೆ ಆಮೇಲೆ ಹೇಳ್ತೀನಿ.

ಗೇಟ್ ದಾಟಿದ ತಕ್ಷಣ ನೆಲದ ಮಟ್ಟಕ್ಕೇ ಒಂದು ಕಬ್ಬಿಣದ ಹಾಸು, 9 ಮೀಟರ್ ಉದ್ದ, 3 ಮೀಟರ್ ಅಗಲ, ಅದೇ ವೇ ಬ್ರಿಡ್ಜ್. ಪಕ್ಕದಲ್ಲಿ ಒಂದು ಕ್ಯಾಬಿನ್. ಕ್ಯಾಬಿನ್ ಒಳಗಡೆ ನಾನು. 40 ಟನ್ ಕೆಪ್ಯಾಸಿಟಿ, 10 ಕೆಜಿ ಲೆಕ್ಕದಲ್ಲಿ ತೋರ್ಸುತ್ತೆ, ಅಂದ್ರೆ 10, 20, 30 ಹೀಗೆ, ಮಧ್ಯದ ಅಂಕಿ ಇಲ್ಲ, ಪಿಟ್ ಟೈಪು, ಅಂದ್ರೆ ಹಾಸಿನ ಕೆಳಗೆ ಗುಂಡಿ, ಗುಂಡೀಲಿ ಲೋಡ್ ಸೆಲ್ಲು. ಈ ಗುಂಡಿ ಅನ್ನೋದನ್ನ ನೆನಪಿಟ್ಕೊಳ್ಳಿ, ನನ್ನ ಎಲ್ಲಾ ಕಷ್ಟ ಅಲ್ಲಿಂದಾನೇ.

ಮೊದಲು ಒಳ್ಳೇದು. ಮಿಷನ್ ಸುಳ್ಳು ಹೇಳಲ್ಲ. ನಾನು ಬಿಕಾಂ ಮಾಡ್ಕೊಂಡು ಹಾಸನದ ಕಡೆಯಿಂದ ಬಂದವಳು, ನಮ್ಮೂರಲ್ಲಿ ತೂಕ ಅಂದ್ರೆ ಸಂತೇಲಿ ತಕ್ಕಡಿ ಹಿಡಿದವನ ಕಿರುಬೆರಳು ನೋಡ್ಬೇಕು ಅಂತ ಅಜ್ಜಿ ಹೇಳ್ಕೊಟ್ಟಿದ್ದು. ಇಲ್ಲಿ ಕಿರುಬೆರಳೇ ಇಲ್ಲ. ಲೋಡ್ ಸೆಲ್ ಅಂದ್ರೆ ಒಂದು ಗಟ್ಟಿ ಉಕ್ಕಿನ ತುಂಡು, ಮೇಲೆ ಭಾರ ಬಿದ್ರೆ ಕಣ್ಣಿಗೆ ಕಾಣದಷ್ಟು ಕುಗ್ಗುತ್ತೆ, ಅದಕ್ಕೆ ಅಂಟಿಸಿರೋ ತೆಳ್ಳನೆ ಲೋಹದ ಪಟ್ಟಿ ಜೊತೇಲೇ ಕುಗ್ಗಿ ಅದರ ವಿದ್ಯುತ್ ತಡೆ ಬದಲಾಗುತ್ತೆ, ಆ ಬದಲಾವಣೆ ಕೆಲವೇ ಮಿಲಿವೋಲ್ಟು, ಅದನ್ನ ಇಂಡಿಕೇಟರ್ ಕೆಜಿ ಮಾಡಿ ಕೆಂಪಕ್ಷರದಲ್ಲಿ ತೋರ್ಸುತ್ತೆ. ಇದನ್ನ ಸರ್ವೀಸ್ ಹುಡುಗ ಹೇಳ್ಕೊಟ್ಟಾಗ ನಂಬಕ್ಕೇ ಆಗ್ಲಿಲ್ಲ, ಹದಿನಾರು ಟನ್ ಗಾಡಿ ಬಂದು ನಿಂತ್ರೂ ಆ ಉಕ್ಕು ಅಷ್ಟೇ ಕುಗ್ಗಿ ಮತ್ತೆ ಇದ್ದಲ್ಲಿಗೇ ಬರುತ್ತಂತೆ. ದಿನಕ್ಕೆ ನೂರಾರು ಸಲ, ಮೂರು ವರ್ಷ. ಇದಕ್ಕೆ ಐದಕ್ಕೆ ಐದು ಸ್ಟಾರ್ ಕೊಡ್ತೀನಿ, ಮುಖ ನೋಡ್ದೆ.

ಕೆಲಸ ಗೊತ್ತಿಲ್ಲದವ್ರಿಗೆ ಹೇಳ್ಬೇಕಂದ್ರೆ, ಲೋಡ್ ಸಮೇತ ಬಂದಾಗ ಒಂದು ತೂಕ, ಅದು ಗ್ರಾಸ್. ಸುರಿದು ಖಾಲಿಯಾಗಿ ಹೊರಗೆ ಹೋಗುವಾಗ ಇನ್ನೊಂದು, ಅದು ಟೇರ್. ಕಳೆದ್ರೆ ನೆಟ್. ಕಾಂಪ್ಯಾಕ್ಟರ್, ಅಂದ್ರೆ ಕಸ ಒತ್ತಿ ತುಂಬ್ಕೊಳ್ಳೋ ದೊಡ್ಡ ಗಾಡಿ, ಒಂದು 16,420 ಕೆಜಿ ಅಂತ ಬಂತು, ಹೋಗುವಾಗ 9,870 ಅಂತ ಹೋಯ್ತು, ಕಸ 6,550. ಇಷ್ಟೇ ಗಣಿತ, ಮೂರನೇ ಕ್ಲಾಸಿನ ವ್ಯವಕಲನ. ಆದ್ರೆ ಟನ್ ಲೆಕ್ಕದಲ್ಲಿ ಬಿಲ್ಲು ಆಗೋ ಕಡೆ ಈ ಕಳೆಯೋ ಲೆಕ್ಕಕ್ಕೆ ಎಷ್ಟು ತಲೆ ಓಡುತ್ತೆ ಅಂದ್ರೆ ಅದನ್ನೇ ಐಎಎಸ್ ಪರೀಕ್ಷೆಗೆ ಓಡ್ಸಿದ್ರೆ ಅರ್ಧ ಜನ ಪಾಸಾಗ್ತಿದ್ರು.

ಉದಾಹರಣೆಗೆ, ಗ್ರಾಸ್ ಹಾಕುವಾಗ ಕ್ಯಾಬಿನ್ನಲ್ಲಿ ಡ್ರೈವರ್ ಜೊತೆ ಮೂರು ಜನ ಲೋಡರ್ ಕೂತಿರ್ತಾರೆ, ಟೇರ್ ಹಾಕುವಾಗ ಡ್ರೈವರ್ ಒಬ್ಬನೇ. ಮಿಕ್ಕವ್ರು ಟೀಗೆ ಹೋಗಿದಾರೆ. 180, 190 ಕೆಜಿ ಮನುಷ್ಯರು ಕಸ ಅಂತ ಎಂಟ್ರಿ ಆಗ್ತಾರೆ. ಇನ್ನೊಂದು, ಖಾಲಿ ಗಾಡೀನ ಹಾಸಿನ ಅಂಚಿಗೆ ನಿಲ್ಸೋದು, ಮುಂದಿನ ಚಕ್ರ ಅರ್ಧ ನೆಲದ ಮೇಲೆ, ಅರ್ಧ ಹಾಸಿನ ಮೇಲೆ. ನೆಲ ಹೊತ್ತ ಭಾರ ನಮಗೆ ಬರಲ್ಲ, ಟೇರ್ ಕಮ್ಮಿ, ನೆಟ್ ಜಾಸ್ತಿ. ಹಳೇ ಟೇರ್ ಕಂಪ್ಯೂಟರಲ್ಲಿದೆಯಲ್ಲ, ಅದನ್ನೇ ಹಾಕ್ಕೊಳ್ಳಿ ಮೇಡಮ್ಮೋರೆ ಅನ್ನೋದಂತೂ ದಿನಾ ಕೇಳೋ ಹಾಡು. ಹಾಗೆ ಹಾಕ್ಬಾರ್ದು. ಡೀಸೆಲ್ ಒಂದು ಲೀಟರಿಗೆ ಹತ್ರ ಹತ್ರ 830 ಗ್ರಾಂ, 150 ಲೀಟರ್ ತುಂಬ್ಸಿದ್ರೆ ಅಲ್ಲೇ 120 ಕೆಜಿ ಮೇಲಾಯ್ತು, ಜೊತೆಗೆ ಕಾಂಪ್ಯಾಕ್ಟರ್ ಹೊಟ್ಟೇಲಿ ಅಂಟ್ಕೊಂಡು ಬೀಳದೇ ಇರೋ ಕಸ, ಚಕ್ರದ ಕೆಸರು. ಪ್ರತೀ ಟ್ರಿಪ್ಪಿಗೂ ಟೇರ್ ಹಾಕ್ಲೇಬೇಕು. ಸಾಫ್ಟ್‌ವೇರ್ ಇದನ್ನ ಕಡ್ಡಾಯ ಮಾಡ್ಬೋದಿತ್ತು, ಮಾಡಿಲ್ಲ, ಸ್ಟೋರ್ಡ್ ಟೇರ್ ಅಂತ ಒಂದು ಬಟನ್ ಇಟ್ಟಿದಾರೆ, ಅದೂ ದೊಡ್ಡದಾಗಿ, ಹಸಿರು ಬಣ್ಣದಲ್ಲಿ. ಯಾರ ಒಳ್ಳೇದಕ್ಕೆ ಅಂತ ನಾನು ಹೇಳಕ್ಕೆ ಹೋಗಲ್ಲ. ಸಾಫ್ಟ್‌ವೇರಿಗೆ ಎರಡು ಸ್ಟಾರು.

ಡ್ರೈವರುಗಳನ್ನ ಬೈಕೊಂಡು ಬರೀತಿದೀನಿ ಅನ್ಕೋಬೇಡಿ, ಹಾಗೆ ಮಾಡೋವ್ರು ಕೈಬೆರಳಲ್ಲಿ ಎಣಿಸೋಷ್ಟು ಜನ, ಮಿಕ್ಕವ್ರು ನಾಲ್ಕು ಗಂಟೆಗೆ ಎದ್ದು ಬಂದು ಒಂಬತ್ತೂವರೆಯಿಂದ ಹನ್ನೆರಡರ ತನಕ ಬಿಸಿಲಲ್ಲಿ ಕ್ಯೂ ನಿಲ್ಲೋ ಜನ, ಬೇಗ ಬಿಟ್ರೆ ಸಾಕು ಅವ್ರಿಗೆ. ಅನಂತಪುರದ ಕಡೆಯವ್ರು ತುಂಬಾ ಜನ ಇದಾರೆ. ನಾನು ಸೇರಿದ ಮೊದಲ ವಾರ ಒಬ್ಬ ಅಕ್ಕಾ ತೊಂದರಗಾ ತೊಂದರಗಾ ಅಂತ ಕೂಗಿದ, ಏನೋ ತೊಂದರೆ ಆಯ್ತು, ಯಾರಿಗೋ ಗಾಡಿ ತಾಗ್ತು ಅಂತ ಚಪ್ಪಲೀನೂ ಹಾಕ್ದೆ ಹೊರಗೆ ಓಡಿ ಬಂದೆ. ತೆಲುಗಲ್ಲಿ ಅದು ಬೇಗ ಬೇಗ ಅಂತ ಅಷ್ಟೆ. ಇವತ್ತಿಗೂ ನನ್ನ ನೋಡಿದ್ರೆ ಆಟ ಆಡಿಸ್ತಾರೆ.

ಈಗ ಗುಂಡಿ ವಿಷಯಕ್ಕೆ ಬರ್ತೀನಿ. ಈ ವೇ ಬ್ರಿಡ್ಜನ್ನ ಮರಳು, ಜಲ್ಲಿ, ಸಿಮೆಂಟ್ ತೂಕ ಹಾಕೋ ಕಡೆ ಇಟ್ರೆ ಏನೂ ದೂರು ಇಲ್ಲ. ಆದ್ರೆ ನಮ್ಮ ಊರಿನ ಕಸ ಅಂದ್ರೆ ಹಸಿ ಕಸ, ಸಾರು, ಮಜ್ಜಿಗೆ, ಹಣ್ಣಿನ ಸಿಪ್ಪೆ, ಒತ್ತಿದ್ರೆ ನೀರು. ಲೀಚೇಟ್ ಅಂತಾರೆ ಆಫೀಸಲ್ಲಿ, ಲೋಡರುಗಳು ಕಸದ ನೀರು ಅಂತಾರೆ. ಮುಚ್ಚಿದ ಗಾಡಿ ಅಂದೆನಲ್ಲ, ಮೇಲೆ ಮುಚ್ಚಿರುತ್ತೆ ನಿಜ, ಕೆಳಗಡೆ ತೊಟ್ಟಿಕ್ತಾನೇ ಇರುತ್ತೆ. ಗಾಡಿ ಹಾಸಿನ ಮೇಲೆ ನಿಂತ ಎರಡು ನಿಮಿಷದಲ್ಲಿ ಕಸದ ನೀರು ಹಾಸಿನ ಸಂದಿಂದ ಗುಂಡಿಗೆ ಇಳಿಯುತ್ತೆ. ಅದು ಹುಳಿ ನೀರು, ಕಬ್ಬಿಣ ತಿನ್ನುತ್ತೆ. ಗುಂಡೀಲಿ ಡ್ರೈನ್ ಇದೆ, ಡ್ರೈನಿಗೆ ಪಂಪ್ ಇದೆ, ಪಂಪಿಗೆ ಪ್ಲಾಸ್ಟಿಕ್ ಕವರ್ ಸಿಕ್ಕಾಕೊಂಡಿದೆ. ಲೋಡ್ ಸೆಲ್ಲಿಗೆ ನೀರು ಹೋಗಲ್ಲ, ಸೀಲ್ ಆಗಿದೆ ಅಂತ ಕಂಪನಿಯವ್ರು ಹೇಳಿದ್ರು, ನಿಜಾನೇ, ಸೆಲ್ಲಿಗೆ ಹೋಗ್ಲಿಲ್ಲ, ಎಲ್ಲಾ ಸೆಲ್ಲಿನ ವೈರುಗಳು ಬಂದು ಸೇರೋ ಜಂಕ್ಷನ್ ಬಾಕ್ಸಿಗೆ ಹೋಯ್ತು. ಮಳೆಗಾಲದ ಬೆಳಿಗ್ಗೆ ಬಂದು ಇಂಡಿಕೇಟರ್ ಆನ್ ಮಾಡಿದ್ರೆ ಹಾಸಿನ ಮೇಲೆ ನೊಣ ಬಿಟ್ರೆ ಯಾರೂ ಇಲ್ಲ, 140 ತೋರಿಸ್ತಿದೆ, ಆಮೇಲೆ ಮೈನಸ್ 60, ಆಮೇಲೆ 210. ದೆವ್ವ ಬಂದು ಕುಣಿಯೋ ಥರ. ಒಳಗೆ ಒದ್ದೆ, ಅಷ್ಟೆ. ಹೇರ್ ಡ್ರೈಯರ್ ತಗೊಂಡು ಒಣಗಿಸಿದ್ವಿ, ಹೇರ್ ಡ್ರೈಯರ್ ನಂದೇ, ವಾಪಸ್ ಮನೆಗೆ ತಗೊಂಡು ಹೋಗ್ಲಿಲ್ಲ.

ಅದಾದ್ಮೇಲೆ ಇಲಿ. ಕಸದ ಜಾಗದಲ್ಲಿ ಇಲಿ ಇರಲ್ವಾ ಅಂತ ಒಂದು ಮಗೂನೂ ಹೇಳುತ್ತೆ, ಆದ್ರೆ ಕೇಬಲಿಗೆ ಕಬ್ಬಿಣದ ಪೈಪು ಹಾಕ್ಸೋದು ಎಸ್ಟಿಮೇಟಲ್ಲಿ ಇರ್ಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಕಡಿದ್ವು. ಕಡಿದಾಗ ಒಂದೇ ಸಲ ನಿಂತೋದ್ರೆ ಪರ್ವಾಗಿಲ್ಲ, ಅರ್ಧ ಕಡಿದಾಗ ತೂಕ ತೋರ್ಸುತ್ತೆ, ತಪ್ಪು ತೋರ್ಸುತ್ತೆ, ಅದೇ ಭಯ. ಆಟೋ ಟಿಪ್ಪರ್ ಹಾಸಿನ ಎಡಗಡೆ ನಿಂತ್ರೆ ಒಂದು ತೂಕ, ಬಲಗಡೆ ನಿಂತ್ರೆ ಇನ್ನೊಂದು ಬಂದ್ರೆ ಅಲ್ಲೇ ನಿಲ್ಸಿ ಹೇಳ್ಬೇಕು. ಇದನ್ನ ಯಾರೂ ಟ್ರೈನಿಂಗಲ್ಲಿ ಹೇಳ್ಕೊಡ್ಲಿಲ್ಲ, ಟ್ರೈನಿಂಗೇ ಅರ್ಧ ದಿನ, ಅದ್ರಲ್ಲೂ ಊಟದ ಟೈಮು ಸೇರ್ಸಿ.

ಮೂಲೆ ಬಗ್ಗೆ ನಾನು ಕಲಿತಿದ್ದು ಸ್ಟಾಂಪಿಂಗ್ ದಿನ. ವೇ ಬ್ರಿಡ್ಜಿಗೆ ವರ್ಷಕ್ಕೊಂದು ಸಲ ಕಾನೂನು ಮಾಪನಶಾಸ್ತ್ರ ಇಲಾಖೆಯವ್ರು ಬಂದು ಪರೀಕ್ಷೆ ಮಾಡಿ ಸೀಲ್ ಹಾಕ್ಬೇಕು, 2009ರ ಕಾಯ್ದೆ ಪ್ರಕಾರ. ಅವತ್ತು ಒಂದು ಗಾಡೀಲಿ 20 ಕೆಜಿ ಬಟ್ಟುಗಳು ಬರ್ತವೆ, ಐವತ್ತು ಇಟ್ರೆ ಒಂದು ಟನ್. ಹೊತ್ತು ಹೊತ್ತು ಒಂದೊಂದು ಮೂಲೇಲಿ ಜೋಡಿಸಿ ನೋಡ್ತಾರೆ, ಯಾವ ಮೂಲೇಲಿಟ್ರೂ ಒಂದೇ ತೂಕ ಬರ್ಬೇಕು. ಆಮೇಲೆ ಲೋಡ್ ಗಾಡಿ ನಿಲ್ಸಿ ಅದರ ಮೇಲೆ ಬಟ್ಟು ಸೇರಿಸ್ತಾ ಮೇಲಿನ ತೂಕ ನೋಡ್ತಾರೆ. 10 ಕೆಜಿ ಲೆಕ್ಕದ ನಮ್ಮಂಥ ಮಿಷನ್ನಿಗೆ ಸೀಲ್ ಹಾಕುವಾಗ 5 ಟನ್ ತನಕ ಹೆಚ್ಚು ಕಮ್ಮಿ 5 ಕೆಜಿ, 20 ಟನ್ ತನಕ 10 ಕೆಜಿ ವ್ಯತ್ಯಾಸ ಒಪ್ಕೋತಾರೆ, ಅದಕ್ಕಿಂತ ಜಾಸ್ತಿ ಇದ್ರೆ ಸೀಲಿಲ್ಲ. ಹೋದ ವರ್ಷ ನಮ್ಮದು ಹಿಂದಿನ ಎಡ ಮೂಲೇಲಿ 30 ಕೆಜಿ ಕಮ್ಮಿ ಬಂತು. ಎಲ್ಲರ ಮುಖ ಬಿಳಿಚ್ಕೊಳ್ತು. ಲೋಡ್ ಸೆಲ್ ಹೋಗಿದೆ, ಹೊಸದು ತರಿಸ್ಬೇಕು, ಹದಿನೈದು ದಿನ ಅಂತ ಸರ್ವೀಸ್ ಹುಡುಗ ಫೋನಲ್ಲೇ ತೀರ್ಪು ಕೊಟ್ಬಿಟ್ಟ. ನಮ್ಮ ಲೋಡರ್ ಒಬ್ರು, ಐವತ್ತೈದರ ಮೇಲಾಗಿರೋ ಯಜಮಾನ್ರು, ಬಗ್ಗಿ ನೋಡಿ, ಇಲ್ಲೇನೋ ಸಿಕ್ಕಾಕೊಂಡದೆ ಕಣವ್ವ ಅಂದ್ರು. ಹಾಸಿಗೂ ಗುಂಡಿ ಗೋಡೆಗೂ ಮಧ್ಯೆ ಎರಡು ಬೆರಳು ಸಂದಿ ಇರ್ಬೇಕು, ಹಾಸು ಎಲ್ಲೂ ತಾಗ್ದೆ ಲೋಡ್ ಸೆಲ್ ಮೇಲೆ ಮಾತ್ರ ಕೂತಿರ್ಬೇಕು. ಆ ಸಂದೀಲಿ ಒಂದು ಎಳನೀರು ಬುರುಡೆ ತುಂಡು, ಅದರ ಸುತ್ತ ಕವರುಗಳು, ಮಣ್ಣು, ಎಲ್ಲಾ ಸೇರಿ ಕಲ್ಲಾಗಿತ್ತು. ಭಾರ ಸ್ವಲ್ಪ ಗೋಡೆಗೆ ಹೋಗ್ತಿತ್ತು, ನಮಗೆ ಕಮ್ಮಿ ತೋರಿಸ್ತಿತ್ತು. ಯಜಮಾನ್ರು ಕಬ್ಬಿಣದ ಸರಳಲ್ಲಿ ಕೆದಕಿ ತೆಗೆದ್ರು, ಮೂಲೆ ಸರಿಹೋಯ್ತು, ಸೀಲೂ ಬಿತ್ತು. ಹೊಸ ಲೋಡ್ ಸೆಲ್ಲಿನ ದುಡ್ಡು ಉಳೀತು, ಅವ್ರಿಗೆ ಸಿಕ್ಕಿದ್ದು ಒಂದು ಟೀ, ಅದೂ ನಾನು ಕೊಡ್ಸಿದ್ದು.

ಅವತ್ತಿಂದ ದಿನಾ ಬೆಳಿಗ್ಗೆ ಗೇಟ್ ತೆಗಿಯೋಕ್ಕೆ ಮುಂಚೆ ನಾಲ್ಕೂ ಕಡೆ ಸಂದಿಗೆ ಸರಳು ಹಾಕಿ ಎಳೀತೀನಿ. ಹೇರ್‌ಪಿನ್ನು, ಚಮಚ, ಪಾನ್ ಪರಾಗ್ ಚೀಟಿ, ಒಂದು ಸಲ ಬೆಳ್ಳಿ ಕಾಲುಂಗುರ. ಕಾಲುಂಗುರ ಯಾರದ್ದು ಅಂತ ಕೇಳಿದ್ರೆ ಏಳು ಜನ ನಂದು ಅಂದ್ರು.

10 ಕೆಜಿ ಲೆಕ್ಕ ಅನ್ನೋದು ಖರೀದಿ ಮಾಡೋವ್ರು ಯೋಚಿಸ್ಬೇಕಾದ ವಿಷಯ. ದೊಡ್ಡ ಗಾಡಿಗೆ ಅದು ಏನೂ ಅಲ್ಲ. ಆಟೋ ಟಿಪ್ಪರಲ್ಲಿ ಇರೋದೇ ಐನೂರು ಆರ್ನೂರು ಕೆಜಿ, ಅಲ್ಲಿ ಎರಡು ಸಲ ತೂಕ ಹಾಕಿ ಕಳೆಯುವಾಗ ಹತ್ತಿಪ್ಪತ್ತು ಕೆಜಿ ಆಚೀಚೆ ಅಂದ್ರೆ ದೊಡ್ಡದೇ. ನಮ್ಮಲ್ಲಿಗೆ ಬರೋದ್ರಲ್ಲಿ ಹತ್ತಕ್ಕೆ ಎಂಟು ಸಣ್ಣ ಗಾಡಿ, ಸಣ್ಣ ಗಾಡಿಗೆ 5 ಕೆಜಿ ಲೆಕ್ಕದ್ದು ಬೇರೇನೇ ಒಂದು ಇಡ್ಬೇಕಿತ್ತು, ಆಗ ದೊಡ್ಡ ಗಾಡಿ ಹೋಗೋ ತನಕ ಹದಿನೈದು ಟಿಪ್ಪರ್ ರೋಡಲ್ಲಿ ನಿಂತು ಹಾರ್ನ್ ಹೊಡಿಯೋದೂ ತಪ್ತಿತ್ತು. ಇನ್ನು 200 ಕೆಜಿ ಒಳಗೆ ಈ ಮಿಷನ್ನಲ್ಲಿ ತೂಕ ಹಾಕ್ಲೇಬಾರ್ದು, ಪ್ಲೇಟ್ ಮೇಲೇ ಬರ್ದಿದಾರೆ. ಆದ್ರೂ ಊಟದ ಟೈಮಲ್ಲಿ ಲೋಡರ್ ಹುಡುಗ್ರು ಒಬ್ಬೊಬ್ರೇ ಹಾಸಿನ ಮೇಲೆ ನಿಂತು ಅಕ್ಕ ನಾನೆಷ್ಟು ಅಂತಾರೆ. 60 ಅಂತೀನಿ. ಹೋದ ತಿಂಗಳೂ 60 ಇದ್ದೆ ಅಂತ ಖುಷಿಯಾಗಿ ಹೋಗ್ತಾರೆ, 56 ಇರ್ಬೋದು, 64 ಇರ್ಬೋದು, ಮಿಷನ್ನಿಗೂ ಗೊತ್ತಿಲ್ಲ ನನಗೂ ಗೊತ್ತಿಲ್ಲ.

ಪ್ರಿಂಟರ್ ಬಗ್ಗೆ ಒಂದು ಮಾತು. ಹಳೇ ಡಾಟ್ ಮ್ಯಾಟ್ರಿಕ್ಸ್ ಕಿರ್ ಕಿರ್ ಅನ್ನುತ್ತೆ ಅಂತ ತೆಗೆದು ಥರ್ಮಲ್ ತಂದ್ರು. ಥರ್ಮಲ್ ಚೀಟೀನ ಡ್ರೈವರ್ ಡ್ಯಾಶ್‌ಬೋರ್ಡ್ ಮೇಲೆ ಇಡ್ತಾನೆ, ಏಪ್ರಿಲ್ ಬಿಸಿಲಿಗೆ ಸಂಜೆ ಹೊತ್ತಿಗೆ ಚೀಟಿ ಕಪ್ಪು, ಇಲ್ಲಾ ಅಕ್ಷರಾನೇ ಮಾಯ. ತಿಂಗಳ ಕೊನೇಲಿ ಬಿಲ್ಲಿಗೆ ಖಾಲಿ ಚೀಟಿ ಹಿಡ್ಕೊಂಡು ಬಂದು ಜಗಳ. ಮತ್ತೆ ಹಳೇದನ್ನೇ ತಂದು ಇಟ್ಟಿದೀವಿ, ರಿಬ್ಬನ್ ಸಿಗೋದು ಕಷ್ಟ, ಆದ್ರೆ ಕಾರ್ಬನ್ ಕಾಪಿ ಮೂರು ವರ್ಷದ್ದೂ ಓದಕ್ಕೆ ಬರುತ್ತೆ.

ನಮ್ಮ ತೂಕಕ್ಕೂ ಆ ಕಡೆ ಇಳಿಸೋ ಜಾಗದ ತೂಕಕ್ಕೂ ತಾಳೆ ಆಗಲ್ಲ ಅಂತ ವಾರಕ್ಕೆರಡು ಫೋನು ಬರುತ್ತೆ, ನಿಮ್ಮದು 90 ಕೆಜಿ ಜಾಸ್ತಿ ತೋರಿಸ್ತಿದೆ ಮೇಡಂ ಅಂತ. ನಮ್ಮದು ಜಾಸ್ತಿ ಅಲ್ಲ ಸಾರ್, ಗಾಡಿ ರೋಡುದ್ದಕ್ಕೂ ಸುರಿಸ್ಕೊಂಡು ಬಂದಿದೆ, ಹಿಂದೆ ಬಂದ ಸ್ಕೂಟರಿನವ್ರನ್ನ ಕೇಳಿ ಅಂತೀನಿ. ಎರಡು ಬೇರೆ ಬೇರೆ ಮಿಷನ್ನು, ದಾರೀಲಿ ಸೋರಿದ ನೀರು, ಖರ್ಚಾದ ಡೀಸೆಲ್, ಇಷ್ಟು ಸೇರಿದ್ರೆ 90 ಏನು ದೊಡ್ಡದು. ಆ ಕಡೆ ಊರಿನವ್ರು ನಾತ ತಡಿಯಕ್ಕಾಗ್ದೆ ಗಾಡಿ ತಡೆದ ದಿನ ಮಾತ್ರ ಫೋನೇ ಬರಲ್ಲ, ಅವತ್ತು ನಮ್ಮಲ್ಲೇ ಗಾಡಿಗಳು ತುಂಬ್ಕೊಂಡು ನಿಂತಿರ್ತವೆ. ಊರಿನವ್ರದ್ದೂ ತಪ್ಪು ಅನ್ನಕ್ಕೆ ಬಾಯಿ ಬರಲ್ಲ, ಹಿಂದೆ ನಗರದ ಕಸ ಸುರೀತಿದ್ದ ಮಾವಳ್ಳಿಪುರ, ಮಂಡೂರು ಅಂತ ಒಂದಾದ್ಮೇಲೆ ಒಂದು ಊರು ಸಾಕಪ್ಪಾ ಅಂದಿದ್ದು ನಗರದಲ್ಲಿರೋ ನಾವು ಮರ್ತಿರ್ಬೋದು, ಆ ಕಡೆಯವ್ರು ಮರ್ತಿಲ್ಲ.

ಈ ಕೆಲಸದಲ್ಲಿ ನನಗೆ ಇಷ್ಟ ಆಗಿದ್ದು ಅಂದ್ರೆ ಬೇರೆ ಎಲ್ಲೂ ಸಿಗದ ಒಂದು ಪಂಚಾಂಗ ಸಿಗುತ್ತೆ. ಜನವರೀಲಿ ಅವರೆಕಾಯಿ ಸಿಪ್ಪೆ, ಗಾಡಿ ತುಂಬಿ ತುಳುಕ್ತಿರುತ್ತೆ, ತೂಕ ಹಾಕಿದ್ರೆ ಅಷ್ಟಿರಲ್ಲ. ಮಾವಿನ ಕಾಲದಲ್ಲಿ ಉಲ್ಟಾ, ಗಾಡಿ ಮುಕ್ಕಾಲು, ತೂಕ ಜೋರು, ಓಟೆಗಳು. ಆಯುಧಪೂಜೆ ಮಾರನೇ ದಿನ ಬೂದುಗುಂಬಳ, ಬಾಳೆಕಂದು, ಮಿಷನ್ ಪಾಪ ಅನ್ನಿಸ್ಬಿಡುತ್ತೆ. ರಾತ್ರಿ ಮಳೆ ಬಂದಿತ್ತಾ ಅಂತ ಆಕಾಶ ನೋಡೋದೇ ಬೇಡ, ಮೊದಲ ನಾಲ್ಕು ಟಿಪ್ಪರ್ ತೂಕ ನೋಡಿದ್ರೆ ಸಾಕು, ಅದೇ ವಾರ್ಡು, ಅದೇ ಗಾಡಿ, ನೂರು ಕೆಜಿ ಜಾಸ್ತಿ. ಅದು ನೀರು. ನೀರಿಗೂ ಟನ್ ಲೆಕ್ಕದಲ್ಲೇ ಸಾಗಾಣಿಕೆ ಆಗುತ್ತೆ, ಮನೇಲಿ ಹಸಿ ಕಸ ಸ್ವಲ್ಪ ಬಸಿದು ಕೊಟ್ರೆ ನನ್ನ ಗುಂಡೀನೂ ಒಣಗಿರುತ್ತೆ.

ಕ್ಯಾಬಿನ್ ಬಗ್ಗೆ ಬೇಡ ಅನ್ಕೊಂಡಿದ್ದೆ, ಹೇಳ್ತೀನಿ. ಆರಡಿ ಎಂಟಡಿ ತಗಡಿನ ಡಬ್ಬ. ಎಸಿ ಇದೆ, ನನಗಲ್ಲ, ಕಂಪ್ಯೂಟರಿಗೆ, ಅಂತ ಮೊದಲ ದಿನಾನೇ ಹೇಳಿದ್ರು. ನಾತ ಹದಿನೈದು ದಿನಕ್ಕೆ ಮೂಗಿಗೆ ಅಭ್ಯಾಸ ಆಗುತ್ತೆ, ಬಟ್ಟೆಗೆ ಆಗಲ್ಲ, ಬಸ್ಸಲ್ಲಿ ಪಕ್ಕದ ಸೀಟು ಯಾವಾಗ್ಲೂ ಖಾಲಿ. ಹೆಂಗಸರಿಗೆ ಟಾಯ್ಲೆಟ್ ಬಂದಿದ್ದು ನಾನು ಸೇರಿ ಹದಿನಾಲ್ಕು ತಿಂಗಳಾದ್ಮೇಲೆ, ಅಲ್ಲೀ ತನಕ ಎದುರುಗಡೆ ಹೋಟೆಲಿನ ಆಂಟಿ ಅವ್ರ ಮನೆ ಬಾಗಿಲು ತೆಗೀತಿದ್ರು. ವೇ ಬ್ರಿಡ್ಜ್ ಆರ್ಡರ್ ಮಾಡೋ ಸಾಹೇಬ್ರುಗಳು ಯಾರಾದ್ರೂ ಇದನ್ನ ಓದ್ತಿದ್ರೆ, ಆ ಲಿಸ್ಟಲ್ಲಿ ಇಂಡಿಕೇಟರ್ ಮಾಡೆಲ್ ನಂಬರಿಗೆ ಮುಂಚೆ ಇದನ್ನ ಬರ್ಕೊಳ್ಳಿ. ಆಮೇಲೆ ಗುಂಡಿ ಇಲ್ಲದ ಮಾದರಿ ತಗೊಳ್ಳಿ, ಪಿಟ್‌ಲೆಸ್ ಅಂತ ಬರುತ್ತೆ, ನೆಲದ ಮೇಲೇ ಕೂರುತ್ತೆ, ಹತ್ತೋಕೆ ಇಳಿಯೋಕೆ ಎರಡೂ ಕಡೆ ರ‍್ಯಾಂಪ್ ಬೇಕು, ಜಾಗ ಜಾಸ್ತಿ ತಿನ್ನುತ್ತೆ, ನಿಜ. ಆದ್ರೆ ಕೆಳಗೆ ಪೈಪ್ ಹಿಡ್ದು ತೊಳೀಬೋದು, ನೀರು ನಿಲ್ಲಲ್ಲ, ಇಲಿ ಕಣ್ಣಿಗೆ ಕಾಣುತ್ತೆ. ಜಾಗ ಇಲ್ಲ ಅನ್ನೋ ಕಡೆ ಪಿಟ್ ಟೈಪೇ ಹಾಕ್ಬೇಕಾದ್ರೆ ಜಂಕ್ಷನ್ ಬಾಕ್ಸ್ ಗುಂಡಿ ಒಳಗೆ ಬೇಡ, ಹೊರಗೆ ಎತ್ತರದಲ್ಲಿ ಇಡ್ಸಿ.

ಸರ್ವೀಸಿಗೆ ಒಂದೂವರೆ ಸ್ಟಾರು. ಆ ಹುಡುಗ ಒಳ್ಳೆಯವ್ನೇ, ಒಬ್ಬನಿಗೇ ಮೂರು ಜಿಲ್ಲೆ ಕೊಟ್ಟಿದಾರೆ, ಅವನೇನು ಮಾಡ್ತಾನೆ. ಫೋನ್ ಮಾಡಿದ್ರೆ ತುಮಕೂರಲ್ಲಿದೀನಿ ಅಕ್ಕ ಅಂತಾನೆ, ನಾಳೆ ಮಾಡಿದ್ರೆ ಕೋಲಾರ. ಎಲ್ಲಾ ಸೇರಿ ಮಿಷನ್ನಿಗೆ ಐದಕ್ಕೆ ಮೂರೂವರೆ, ಅರ್ಧ ಸ್ಟಾರು ಯಜಮಾನ್ರ ಸರಳಿನ ಲೆಕ್ಕದ್ದು.

ಒಂದು ವಿಷಯ ಸೇರಿಸ್ತೀನಿ. ಮೊನ್ನೆಯಿಂದ ಬೆಳಿಗ್ಗೆ ಮತ್ತೆ 20 ತೋರಿಸ್ತಿತ್ತು, ಝೀರೋಗೆ ಬರ್ತಾನೇ ಇರ್ಲಿಲ್ಲ, ಇನ್ನೊಂದು ಸಲ ಜಂಕ್ಷನ್ ಬಾಕ್ಸ್ ಹೋಯ್ತು ಅಂತ ಹುಡುಗನಿಗೆ ಫೋನ್ ಮಾಡಿ ಬೈದೂ ಆಯ್ತು. ಆಮೇಲೆ ಹೊರಗೆ ಬಂದು ನೋಡಿದ್ರೆ ನಮ್ಮ ಗೇಟಿನ ಕರಿಯ, ನಾಯಿ, ಹಾಸಿನ ಆ ತುದೀಲಿ ಬೆಚ್ಚಗೆ ಮಲಗಿದ್ದ, ಕ್ಯಾಬಿನ್ ಕಿಟಕಿಯಿಂದ ಆ ತುದಿ ಕಾಣಲ್ಲ. ಹುಡುಗನಿಗೆ ಇನ್ನೂ ಹೇಳಿಲ್ಲ. ಗುರುವಾರ ಬರ್ತಾನಂತೆ, ಬರ್ಲಿ, ಹೇಗೂ ಕೇಬಲಿಗೆ ಪೈಪ್ ಹಾಕ್ಸೋದಿದೆ.